ಜಾಡಿಯಲ್ಲಿ ಕಣಜ

ಮೇ ತಿಂಗಳಲ್ಲಿ ಬಂದದ್ದು ನರಿ.
ಹೀಯುಮಾ ದ್ವೀಪದ ಇರುಳಿಗೆ ಆಗ
ಪೂರ್ತಿ ಕಪ್ಪಾಗಲು ಪುರುಸೊತ್ತಿರುವುದಿಲ್ಲ;
ಆ ಅರೆಬೆಳಕಿನಲ್ಲೇ ತೈಮಿಯ ಗೂಡಿಗೆ ನುಗ್ಗಿ
ಒಂಬತ್ತು ಕೋಳಿ ಕೊಂದು
ಒಯ್ದದ್ದು ಒಂದನ್ನೇ.

ಉಳಿದ ಎಂಟನ್ನು ಅಂಗಳದಲ್ಲಿ ಸಾಲಾಗಿಟ್ಟು
ತೈಮಿ ಎರಡು ಸಲ ಎಣಿಸಿದಳು,
ಹಡಗುಕಟ್ಟೆಯಲ್ಲಿ ಟಿಕೆಟ್ಟು ಎಣಿಸುವ ಅದೇ ಬೆರಳಿನಿಂದ.
"ತಿನ್ನುವುದಕ್ಕಾದರೆ ತಿನ್ನಲಿ. ಇದೇನಿದು?"
ಅವಳ ಸಿಟ್ಟು ಸಾವಿನ ಮೇಲಲ್ಲ, ದುಂದಿನ ಮೇಲೆ.

ಮೂರನೆಯ ದಿನ ಹೈನಾರ್ ಬಂದೂಕು ತಂದ.
ಎದ್ದ ಕೂಡಲೇ ನರಿಯ ಮುಖ ನೋಡಿದರೆ
ದಿನವೆಲ್ಲ ಅದೃಷ್ಟ ಅನ್ನುತ್ತಾರೆ ನಮ್ಮಲ್ಲಿ.
ಮೇಲಿನ ಕೋಣೆಯ ಬಾಡಿಗೆಯವನು ನಾನು
ಮರುಬೆಳಿಗ್ಗೆ ಮೆಟ್ಟಿಲಿಳಿದು ನೋಡಿದೆ:
ಕೈಗಾಡಿಯಲ್ಲಿ ಮಲಗಿತ್ತು ಆ ಮುಖ,
ಮೂತಿಯ ಬಿಳುಪಿನಲ್ಲಿ ಒಣಗಿದ ಮೊಟ್ಟೆಯ ಹಳದಿ.
ಹೊಟ್ಟೆಯಡಿ ಕೂದಲುದುರಿ ಮೊಲೆಗಳು ಎದ್ದಿದ್ದವು.
ಒಂದನ್ನು ಹೈನಾರ್ ಬೂಟಿನ ತುದಿಯಿಂದ ಒತ್ತಿದ.
ಹಾಲು ಬಂತು.

ಬಿಲ ಎಲ್ಲಿದೆ ಎಂದು ಕೇಳಿದ್ದು ಊಕು, ಎಂಟು ವರ್ಷದವನು.
ಜುನಿಪರ್ ಪೊದೆಗಳ ಆಚೆ ಎಲ್ಲೋ ಇರಬೇಕೆಂದು
ಹೈನಾರ್ ಕೈ ಬೀಸಿದ;
ಆ ಕೈ ಅರ್ಧ ದ್ವೀಪವನ್ನೇ ತೋರಿಸಿತು.

ಕಣಜ ಬಂದದ್ದು ಬೇಸಿಗೆ ಮಾಗಿದ ಮೇಲೆ.
ಬಂದದ್ದು ಯಾರಿಗೂ ಗೊತ್ತಾಗಲಿಲ್ಲ.
ಎಳ್ಳುಕಾಳಿಗೆ ರೆಕ್ಕೆ ಬಂದಷ್ಟು ಮೈ,
ಎಲೆಕೋಸಿನ ಬೆನ್ನಿಗೆ ಹಾರಿ
ನಸುಹಸಿರು ಹುಳವೊಂದನ್ನು ಚುಚ್ಚಿ ಹೋಯಿತು.
ಗರಿ ಇಲ್ಲ, ನೆತ್ತರಿಲ್ಲ, ಕೂಗಿಲ್ಲ.
ಹುಳ ಮೇಯುತ್ತಲೇ ಇತ್ತು.
ಊಕು ಅದನ್ನೇ ಹಿಡಿದು ಜಾಮಿನ ಜಾಡಿಗೆ ಹಾಕಿ
ದಿನಕ್ಕೊಂದು ಎಲೆ ಕೊಟ್ಟ.
ಒಂದು ಹೊಟ್ಟೆಗೆಂದು ಕೊಟ್ಟ;
ಒಳಗೆ ಇಪ್ಪತ್ತಾರು ಬಾಯಿ ಪಂಕ್ತಿಗೆ ಕೂತಿದ್ದವು.

ನನ್ನ ನುಡಿಯಲ್ಲಿ ಕಣಜವೆಂದರೆ
ಕಡಿಯುವ ಹುಳವೂ ಹೌದು,
ಕಾಳು ತುಂಬಿಡುವ ಮನೆಯೂ ಹೌದು.
ಬಾಲ್ಯದಲ್ಲಿ ಅದು ಬರೀ ಗೊಂದಲ.
ಈ ಜಾಡಿಯ ಮುಂದೆ ಕೂತಾಗ ತಿಳಿಯಿತು:
ಕಾಳು ಕೆಡದಂತೆ ಇಡಲು
ಕಣಜದ ಉಸಿರನ್ನು ಉಳಿಸಬೇಕು.
ಆ ಮರಿಗಳಿಗೆ ಅದು ಹುಟ್ಟಾ ಗೊತ್ತು,
ಜೀವದ ಎಳೆ ತಾಗದ ಹಾಗೆ ಹೀರುತ್ತವೆ,
ನಾಳೆಗೆ ಬೇಕಾದ್ದನ್ನು ಇಂದು ಮುಟ್ಟುವುದಿಲ್ಲ.
ತೈಮಿಗೆ ಮೆಚ್ಚಾಗಬೇಕಿತ್ತು ಈ ಲೆಕ್ಕ.
ಒಂದು ಚೂರೂ ದುಂದಿಲ್ಲ.

ಹುಳವನ್ನು ಹೊತ್ತು ತಂದು ಗೂಡಿನಲ್ಲಿಟ್ಟು
ಕಣಜ ಸುತ್ತಲೂ ಗುಂಯ್‌ಗುಟ್ಟಿದರೆ
ಅದನ್ನೇ ನೆನೆನೆನೆದು ಹುಳವೂ ಕಣಜವಾಗುತ್ತದೆ,
ಧ್ಯಾನದ ಮಹಿಮೆ, ಎಂದಿದ್ದರು ಹಿರಿಯರು.
ಒಂದು ಮುಂಜಾನೆ ಹುಳದ ಪಕ್ಕೆ ಕೊರೆದು
ಮರಿಗಳು ಹೊರಬಿದ್ದವು,
ಅಲ್ಲೇ ಹಳದಿ ಗೂಡು ನೇಯ್ದುಕೊಂಡವು.
ಹುಳ ಸತ್ತಿರಲಿಲ್ಲ.
ತೂತುಬಿದ್ದ ಮೈಯನ್ನು ಎಳೆದುಕೊಂಡು
ತನ್ನ ಕೊನೆಯ ನೂಲನ್ನು ಆ ಗೂಡುಗಳಿಗೇ ಹೊದಿಸಿತು,
ಹುಲ್ಲುಕಡ್ಡಿ ಚಾಚಿದರೆ
ತಲೆ ಬೀಸಿ ಬೀಸಿ ಕಾವಲು ಕಾಯಿತು.
ಹಿರಿಯರೇ, ಧ್ಯಾನವೇನೋ ಇತ್ತು.
ಯಾರದು, ಅದನ್ನು ನೀವು ಹೇಳಿರಲಿಲ್ಲ.

"ಅವು ತನ್ನ ಮರಿಗಳೇ ಅಂದುಕೊಂಡಿದೆಯಾ?" ಊಕು ಕೇಳಿದ.
ತೈಮಿ ಕೋಸಿನ ಎಲೆ ಬಿಡಿಸುತ್ತಿದ್ದಳು.
"ನಮಗೆ ಒಳ್ಳೆಯದೇ ಬಿಡು, ಹುಳದ ಕಾಟ ತಪ್ಪುತ್ತೆ,"
ಎಂದಳು, ಜಾಡಿಯ ಕಡೆ ನೋಡದೆ.

ಶನಿವಾರ ಕಣಜಗಳು ಹೊರಟವು.
ಕಿಟಕಿ ತೆರೆದವಳು ತೈಮಿಯೇ.
ಮೂರು ಗೂಡಿನಿಂದ ಮಾತ್ರ
ಬೇರೆಯೇ ಜಾತಿಯವು, ಇನ್ನೂ ಸಣ್ಣವು, ಬಂದವು:
ಕಣಜವನ್ನೇ ಕಣಜ ಮಾಡಿಕೊಂಡವು.
ಅವಕ್ಕೂ ಅದೇ ಕಿಟಕಿ.

ಕೋಳಿಗೂಡಿನ ತಂತಿಯಲ್ಲಿ
ಮೇ ತಿಂಗಳ ಕೆಂಗೂದಲು ಇನ್ನೂ ಸಿಕ್ಕಿಕೊಂಡಿದೆ.
ಹೊಸ ಕೋಳಿಗಳು ಅದರಡಿಯೇ ಕೆದಕುತ್ತವೆ.
ಸಂಜೆ ಊಕು ತಟ್ಟೆಯ ಮೀನಿನ ತಲೆಯನ್ನು
ಜೇಬಿಗಿಳಿಸಿ ಜುನಿಪರ್ ಕಡೆ ಹೋಗುತ್ತಾನೆ.
ಗೂಡಿನ ಅಗುಳಿಯನ್ನು ತೈಮಿ
ಎರಡು ಸಲ ಎಳೆದು ನೋಡುತ್ತಾಳೆ;
ಅವನನ್ನು ಕರೆಯುವುದಿಲ್ಲ.